ಆಪ್ಟಿಕಲ್ ಫೈಬರ್ ಲೇಪನದ ಪೇಟೆಂಟ್ ವಿವಾದಗಳು

ಆಪ್ಟಿಕಲ್ ಫೈಬರಿನ ಗಾಜಿನ ಎಳೆಗೆ ರಕ್ಷಣಾ ಪದರ ಬಳಿಯುವ ವಿಧಾನವು ನಿಜವಾದ ಆವಿಷ್ಕಾರವೇ ಅಥವಾ ಆ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದೇ ಎಂಬ ಪ್ರಶ್ನೆಯೇ ಈ ವಿವಾದಗಳ ತಿರುಳು. ಸಹಜವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಸಲ್ಲದು; ಕೊಟ್ಟಿದ್ದರೂ ಅದನ್ನು ರದ್ದುಪಡಿಸಬಹುದು.

ಲೇಪನದ ಅಗತ್ಯ

ದೂರಸಂಪರ್ಕಕ್ಕೆ ಬಳಸುವ ಸಾಮಾನ್ಯ ಫೈಬರಿನಲ್ಲಿ ಗಾಜಿನ ವ್ಯಾಸ 125 ಮೈಕ್ರೋಮೀಟರ್. ಲೇಪನ ಸೇರಿದರೆ ಸುಮಾರು 250. ಬರಿಯ ಗಾಜು ತೇವಕ್ಕೂ ಗೀರಿಗೂ ಬೇಗ ಸೋಲುತ್ತದೆ. ಸೂಕ್ಷ್ಮ ಬಾಗುಗಳಲ್ಲಿ ಬೆಳಕು ಸೋರಿಹೋಗುತ್ತದೆ. ಆದ್ದರಿಂದ ಕುಲುಮೆಯಿಂದ ಎಳೆ ಇಳಿದುಬರುತ್ತಿರುವಾಗಲೇ ಒಳಗೆ ಮೆದುವಾದ, ಹೊರಗೆ ಗಡುಸಾದ ಎರಡು ಅಕ್ರಿಲೇಟ್ ಪದರಗಳನ್ನು ಬಳಿದು, ನೇರಳಾತೀತ ಕಿರಣಗಳಿಂದ ಗಟ್ಟಿಗೊಳಿಸುತ್ತಾರೆ. ಒಳಪದರವು ಗಾಜಿಗೆ ಭದ್ರವಾಗಿ ಅಂಟಿರಬೇಕು. ಎರಡು ತುದಿಗಳನ್ನು ಬೆಸೆಯುವಾಗ ಮಾತ್ರ ಚೂರೂ ಉಳಿಯದಂತೆ ಸುಲಿದುಬರಬೇಕು. ಪರಸ್ಪರ ವಿರುದ್ಧವಾದ ಇಂಥ ಬೇಡಿಕೆಗಳನ್ನು ಹೊಂದಿಸುವ ಯತ್ನದಿಂದ ಅನೇಕ ಪೇಟೆಂಟುಗಳು ಹುಟ್ಟಿವೆ, ವ್ಯಾಜ್ಯಗಳೂ.

ವಾದದ ಸ್ವರೂಪ

ಲೇಪನದ ಘಟಕಗಳು ಬಹುಮಟ್ಟಿಗೆ ಮೊದಲೇ ತಿಳಿದವು. ಹೊಸತೆಂದು ಹೇಳಿಕೊಳ್ಳುವುದು ಅವುಗಳ ಪ್ರಮಾಣ, ಸಂಯೋಜನೆ ಅಥವಾ ಬಳಿಯುವ ಕ್ರಮ. ಹಳೆಯ ಎರಡು ದಾಖಲೆಗಳನ್ನು ಜೋಡಿಸಿದರೆ ಯಾವ ತಂತ್ರಜ್ಞನೂ ಇಲ್ಲಿಗೇ ತಲುಪುತ್ತಿದ್ದನೆಂದು ಎದುರಾಳಿ ವಾದಿಸುತ್ತಾನೆ. ಉತ್ತರ ಕಂಡಮೇಲೆ ಯಾವ ಲೆಕ್ಕವೂ ಸುಲಭವೇ ಎಂಬುದು ಪೇಟೆಂಟುದಾರನ ಮರುಮಾತು; ಇದು ತಳ್ಳಿಹಾಕುವಂಥ ಮಾತಲ್ಲ.

ಫೈಬರ್ ತಯಾರಕ ಕಾರ್ನಿಂಗ್ ಕಂಪನಿಯು ಡಿಎಸ್‌ಎಂ ಸಮೂಹದ ಲೇಪನ ಪೇಟೆಂಟುಗಳನ್ನು ಪ್ರಶ್ನಿಸಿ 2012ರಲ್ಲಿ ಅಮೆರಿಕದ ಪೇಟೆಂಟ್ ವಿಚಾರಣೆ ಮತ್ತು ಮೇಲ್ಮನವಿ ಮಂಡಳಿಗೆ ಹಲವು ಅರ್ಜಿಗಳನ್ನು ಸಲ್ಲಿಸಿತು. 2014ರ ತೀರ್ಪುಗಳಲ್ಲಿ ಕೆಲವು ಹಕ್ಕುಕೋರಿಕೆಗಳು ಬಿದ್ದುಹೋದವು, ಕೆಲವು ಉಳಿದವು. ಅದಕ್ಕೂ ಮುನ್ನ, 2007ರ ಕೆಎಸ್‌ಆರ್ ಪ್ರಕರಣದಲ್ಲಿ, ತಂತ್ರಜ್ಞನು ಯಂತ್ರದಂತಲ್ಲ, ಅವನಿಗೂ ಸಾಮಾನ್ಯ ಸೃಜನಶೀಲತೆ ಇರುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. ಪೇಟೆಂಟುದಾರರ ಹಾದಿ ಇದರಿಂದ ಕಠಿಣವಾಯಿತು.

ಭಾರತದಲ್ಲಿ

1970ರ ಪೇಟೆಂಟ್ ಕಾಯಿದೆಯ 2(1)(ಜೆಎ) ಕಲಮು ‘ಆವಿಷ್ಕಾರಕ ಹೆಜ್ಜೆ’ಯನ್ನು ವಿವರಿಸುತ್ತದೆ: ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಇರಬೇಕು, ಜೊತೆಗೆ ನಿಪುಣನಿಗೆ ಅದು ಸಹಜವಾಗಿ ಹೊಳೆಯುವಂತಿರಬಾರದು. ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುವ ತೀರ್ಪು ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದ್ದು (1978). ಅಲ್ಲಿದ್ದುದು ಗಾಜಿನ ಎಳೆಯಲ್ಲ, ಲೇತ್ ಯಂತ್ರದಲ್ಲಿ ಲೋಹದ ಪಾತ್ರೆಗಳನ್ನು ಹಿಡಿದಿಡುವ ಸಾಧನ. ಬರಿಯ ಕಾರ್ಯಾಗಾರದ ಸುಧಾರಣೆ ಆವಿಷ್ಕಾರವಲ್ಲವೆಂದು ಸುಪ್ರೀಂ ಕೋರ್ಟ್ ಆ ಪೇಟೆಂಟನ್ನು ಎತ್ತಿಹಿಡಿಯಲಿಲ್ಲ. ಲೇಪನಕ್ಕೂ ಇದೇ ಅಳತೆಗೋಲು.

ಪೇಟೆಂಟ್ ಮಂಜೂರಾಗುವ ಮುನ್ನ ಯಾರು ಬೇಕಾದರೂ 25(1) ಕಲಮಿನಡಿ ಆಕ್ಷೇಪ ಸಲ್ಲಿಸಬಹುದು. ಮಂಜೂರಾದ ಮೇಲೆ ಹಿತಾಸಕ್ತಿಯುಳ್ಳವರಿಗೆ ಒಂದು ವರ್ಷದ ಅವಕಾಶವಿದೆ. ಕೊಡಗೂ ಸೇರಿದಂತೆ ಕರ್ನಾಟಕವು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಯಲ್ಲಿದೆ.