ಜಪಾನಿನಲ್ಲಿ ಅರವತ್ತರ ನಂತರದ ದುಡಿಮೆ: ನಿವೃತ್ತಿ ಕಾನೂನು ಮತ್ತು ಹಿರಿಯರ ಸಂಬಳ

ಜಪಾನಿನಲ್ಲಿ ಕಾರ್ಮಿಕರ ನಿವೃತ್ತಿ ವಯಸ್ಸನ್ನು ಗೊತ್ತುಪಡಿಸಿದ ಅತಿ ಹಳೆಯ ದಾಖಲೆಗಳಲ್ಲಿ ನೌಕಾಪಡೆಯ ಮದ್ದಿನ ಕಾರ್ಖಾನೆಯ 1887ರ ನಿಯಮವೂ ಒಂದು. ಅಲ್ಲಿ 55 ತುಂಬಿದವರು ಕೆಲಸ ಬಿಡಬೇಕಿತ್ತು. 1947ರಲ್ಲೂ ಆ ದೇಶದ ಗಂಡಸರ ನಿರೀಕ್ಷಿತ ಆಯುಷ್ಯ 50 ವರ್ಷವಷ್ಟೇ ಇತ್ತು. ಶಿಶುಮರಣವೂ ಈ ಸರಾಸರಿಯನ್ನು ಕೆಳಗೆ ಎಳೆದಿತ್ತು ಎಂಬುದನ್ನೂ ಮರೆಯಬಾರದು. ಮುಂದೆ ಆಯುಷ್ಯ ಬೇಗಬೇಗ ಬೆಳೆಯಿತು. ಆದರೆ ಬಹಳಷ್ಟು ಕಂಪನಿಗಳಲ್ಲಿ 55ರ ಗಡಿ 1970ರ ದಶಕದವರೆಗೂ ಹಾಗೇ ಉಳಿಯಿತು. ಕೊನೆಗೆ ಅದನ್ನು ಕದಲಿಸಿದ್ದು ಹೆಚ್ಚಾಗಿ ಪಿಂಚಣಿಯ ಲೆಕ್ಕಾಚಾರ. ಪ್ರತಿ ಸಲವೂ ಆ ಬದಲಾವಣೆಯ ಭಾರದಲ್ಲಿ ದೊಡ್ಡ ಪಾಲು ಬಿದ್ದದ್ದು ಹಿರಿಯ ಕಾರ್ಮಿಕನ ಸಂಬಳದ ಮೇಲೆ ಎಂಬುದು ಈ ಲೇಖನದ ವಾದ.

ಕಂಪನಿಗಳು ಗಡಿಯನ್ನು ಬಿಡದಿರಲು ಕಾರಣವಿತ್ತು. ಯುದ್ಧಾನಂತರದ ಜಪಾನಿನಲ್ಲಿ ಸೇವಾವಧಿ ಬೆಳೆದಂತೆ ಸಂಬಳವೂ ಏರುತ್ತಿತ್ತು. ಯೌವನದಲ್ಲಿ ದುಡಿಮೆಗಿಂತ ಕಡಿಮೆ, ನಡುವಯಸ್ಸು ದಾಟಿದ ಮೇಲೆ ದುಡಿಮೆಗಿಂತ ಹೆಚ್ಚು ಎಂಬ ಈ ಒಪ್ಪಂದಕ್ಕೆ ಒಂದು ಕೊನೆಯ ದಿನಾಂಕ ಇರಲೇಬೇಕಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ 1979ರಲ್ಲಿ ವಾದಿಸಿದರು. ಅವರ ವಿವರಣೆ ಜಪಾನಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಹೆಂಗಸರ ವಿಷಯಕ್ಕೆ ಅದು ಸಾಲದು. ನಿಸಾನ್ ಕಾರು ಕಂಪನಿಯಲ್ಲಿ ಅವರ ನಿವೃತ್ತಿ ವಯಸ್ಸು ಗಂಡಸರಿಗಿಂತ ಐದು ವರ್ಷ ಕಡಿಮೆ ಇತ್ತು. 1981ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. ಅದು ನೇರವಾದ ತಾರತಮ್ಯ, ಯಾವ ಅರ್ಥಶಾಸ್ತ್ರವೂ ಅದನ್ನು ಸಮರ್ಥಿಸಲಾರದು.

1954ರ ಪಿಂಚಣಿ ಕಾನೂನು ಗಂಡಸರ ಪಿಂಚಣಿ ವಯಸ್ಸನ್ನು ಹಂತಹಂತವಾಗಿ 60ಕ್ಕೆ ಏರಿಸಿತು. ಕೆಲಸ 55ಕ್ಕೆ ಮುಗಿದರೆ ನಡುವಿನ ಐದು ವರ್ಷ ಹೊಟ್ಟೆಪಾಡು ಅವರವರದೇ. ಇತ್ತ ಜನಸಂಖ್ಯೆಯಲ್ಲಿ 65 ದಾಟಿದವರ ಪ್ರಮಾಣವೂ ಏರುತ್ತಿತ್ತು: 1970ರಲ್ಲಿ ಶೇ. 7 ಇದ್ದದ್ದು 1994ರ ಹೊತ್ತಿಗೆ ಶೇ. 14 ಆಯಿತು. ಫ್ರಾನ್ಸಿನಲ್ಲಿ ಇದೇ ಏರಿಕೆಗೆ ನೂರಕ್ಕೂ ಹೆಚ್ಚು ವರ್ಷ ಹಿಡಿದಿತ್ತು. 1986ರ ಕಾನೂನು 60ರ ನಿವೃತ್ತಿಗೆ ಪ್ರಯತ್ನಿಸಿ ಎಂದು ಕಂಪನಿಗಳಿಗೆ ಹೇಳಿತು. 1994ರ ತಿದ್ದುಪಡಿ ಅದನ್ನೇ ಕಡ್ಡಾಯ ಮಾಡಿತು, 1998ರಲ್ಲಿ ಜಾರಿಗೂ ಬಂತು. ಆದರೆ ಅದೇ 1994ರಲ್ಲಿ ಪಿಂಚಣಿಯ ಒಂದು ಭಾಗವನ್ನು 65ಕ್ಕೆ ಮುಂದೂಡುವ ನಿರ್ಧಾರವೂ ಆಗಿತ್ತು. ಕೆಲಸದ ಗಡಿ ಪಿಂಚಣಿಯ ಗಡಿಯನ್ನು ಮುಟ್ಟುವ ಹೊತ್ತಿಗೆ ಅದು ಮತ್ತೆ ಮುಂದೆ ಸರಿದಿತ್ತು.

2004ರ ತಿದ್ದುಪಡಿ ಕಂಪನಿಗಳ ಮುಂದೆ ಮೂರು ದಾರಿ ಇಟ್ಟಿತು: ನಿವೃತ್ತಿ ವಯಸ್ಸನ್ನು ಏರಿಸಿ, ನಿವೃತ್ತಿಯನ್ನೇ ರದ್ದುಮಾಡಿ, ಇಲ್ಲವೇ 60ಕ್ಕೆ ನಿವೃತ್ತಿ ಕೊಟ್ಟು ಅದೇ ವ್ಯಕ್ತಿಯನ್ನು ಕೆಲಸದಲ್ಲಿ ಮುಂದುವರಿಸಿ. ಬಹುಪಾಲು ಕಂಪನಿಗಳು ಹಿಡಿದದ್ದು ಮೂರನೆಯ ದಾರಿ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆ, ಸಂಬಳ ಕಡಿಮೆ. 60ರ ನಂತರ ಸಂಬಳ ಕುಸಿಯುವುದು ಸರ್ಕಾರಕ್ಕೂ ಮೊದಲೇ ಗೊತ್ತಿತ್ತು. ಸಂಬಳ ಹಿಂದಿನದರ ಶೇ. 85ಕ್ಕಿಂತ ಕೆಳಗಿಳಿದವರಿಗೆ ಉದ್ಯೋಗ ವಿಮೆಯಿಂದ ಸಹಾಯಧನ ಕೊಡುವ ಪದ್ಧತಿ 1995ರಲ್ಲೇ ಶುರುವಾಗಿತ್ತು. ಕಷ್ಟದಲ್ಲಿದ್ದವರಿಗೆ ಆ ಹಣ ಆಸರೆಯಾಗಿತ್ತು ನಿಜ. ಆದರೆ ಸಂಬಳ ಕಡಿತವೇ ಸಹಜ ಎಂಬ ಭಾವನೆಗೆ ಅದೇ ಸರ್ಕಾರಿ ಮುದ್ರೆಯೂ ಆಯಿತು.

ಈ ಮುದ್ರೆಯ ಬೆಲೆ ಕಾಣಬೇಕಾದರೆ ಯೊಕೊಹಾಮಾದ ಒಂದು ಸಾಗಣೆ ಕಂಪನಿಯ ಮೂವರು ಚಾಲಕರ ಮೊಕದ್ದಮೆಯನ್ನು ನೋಡಬೇಕು. ಅವರು ಓಡಿಸುತ್ತಿದ್ದದ್ದು ಸಿಮೆಂಟ್ ತುಂಬುವ ಟ್ಯಾಂಕರ್ ಲಾರಿಗಳು. 60ಕ್ಕೆ ನಿವೃತ್ತರಾಗಿ ಗುತ್ತಿಗೆಯ ಮೇಲೆ ಮರುನೇಮಕಗೊಂಡಾಗ ಕೆಲಸ ಬದಲಾಗಲಿಲ್ಲ, ಹೊಣೆಯೂ ಇಳಿಯಲಿಲ್ಲ. ಸಂಬಳ ಮಾತ್ರ ಶೇ. 20ರಷ್ಟು ಕಡಿಮೆಯಾಯಿತು. 2016ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಚಾಲಕರ ಪರ ತೀರ್ಪಿತ್ತಿತು. ಅದೇ ವರ್ಷ ಹೈಕೋರ್ಟ್ ಅದನ್ನು ತಿರುಗಿಸಿತು. 2018ರ ಜೂನ್ 1ರಂದು ಸುಪ್ರೀಂ ಕೋರ್ಟ್, ಅವರು ನಿವೃತ್ತಿಯವರೆಗೆ ಕಾಯಂ ನೌಕರರ ಸಂಬಳ ಪಡೆದವರು, ಮುಂದೆ ಪಿಂಚಣಿಯೂ ಬರಲಿದೆ ಎಂಬುದನ್ನೆಲ್ಲ ಗಣನೆಗೆ ತೆಗೆದುಕೊಂಡು ಕಡಿತದ ಬಹುಭಾಗವನ್ನು ಒಪ್ಪಿತು. ಅನ್ಯಾಯವೆಂದು ಕಂಡದ್ದು ಮುಖ್ಯವಾಗಿ ಪೂರ್ಣ ಹಾಜರಿಯ ಭತ್ಯೆ ನಿರಾಕರಿಸಿದ್ದು: ರಜೆ ಹಾಕದೆ ಬರಬೇಕಾದ ಅಗತ್ಯ ಕಾಯಂ ನೌಕರರಿಗೂ ಮರುನೇಮಕಗೊಂಡವರಿಗೂ ಒಂದೇ ಅಲ್ಲವೇ? ನನ್ನ ಮಟ್ಟಿಗೆ ಆ ತರ್ಕ ಮೂಲವೇತನಕ್ಕೂ ಸಲ್ಲಬೇಕಿತ್ತು. ಲಾರಿಗೆ ತುಂಬುವ ಸಿಮೆಂಟಿನ ತೂಕ ಚಾಲಕನ ವಯಸ್ಸು ನೋಡಿ ಇಳಿಯುವುದಿಲ್ಲ.

2021ರಿಂದ 70ರವರೆಗೆ ದುಡಿಮೆಯ ಅವಕಾಶ ಕೊಡಲು ಪ್ರಯತ್ನಿಸುವುದು ಕಂಪನಿಗಳ ಕರ್ತವ್ಯವಾಗಿದೆ. ಸಹಾಯಧನದ ಗರಿಷ್ಠ ದರ ಶೇ. 25ರಿಂದ 15ಕ್ಕೆ ಇಳಿದು, 2025ರಲ್ಲಿ ಶೇ. 10ಕ್ಕೆ ಬಂದಿದೆ. ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 2023ರಿಂದ ಎರಡು ವರ್ಷಕ್ಕೊಂದರಂತೆ ಏರಿಸುತ್ತ 2031ಕ್ಕೆ 65 ಮಾಡಲಿದೆ. ಇಲ್ಲಿ ಮರುನೇಮಕದ ಬಳಸುದಾರಿ ಇಲ್ಲ, ನೌಕರಿ ಕಾಯಂ ಆಗಿಯೇ ಉಳಿಯುತ್ತದೆ. ಆದರೂ 60 ದಾಟಿದವರಿಗೆ ಕಾನೂನು ಗೊತ್ತುಪಡಿಸಿರುವ ಮೂಲವೇತನ ಹಿಂದಿನದರ ಶೇ. 70 ಮಾತ್ರ.