ಹಸೆ ಚಿತ್ತಾರವೂ ಸೊಪ್ಪಿನ ಬೆಟ್ಟವೂ

ಕಲ್ಲಿನಲ್ಲಿ ಕಡೆದುದೂ ತಾಮ್ರದಲ್ಲಿ ಕೊರೆದುದೂ ಬಹುಕಾಲ ಉಳಿಯುವುದರಿಂದ ಕಲೆಯ ಚರಿತ್ರೆಯು ಬಹುಮಟ್ಟಿಗೆ ಅವುಗಳ ಚರಿತ್ರೆಯೇ ಆಗಿರುವುದು. ಅಳಿಯುವುದನ್ನು ಒಪ್ಪಿಕೊಂಡೇ ಹುಟ್ಟಿದ ಕಲೆಗೆ ಅದರಲ್ಲಿ ಎಡೆ ಸ್ವಲ್ಪ. ಶಿರಸಿ, ಸಿದ್ದಾಪುರ, ನೆರೆಯ ಸಾಗರ ಮತ್ತು ಸೊರಬ ಸೀಮೆಗಳ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವು ಇಂತಹುದು.

ಇದರ ಸಾಮಗ್ರಿಯೆಲ್ಲ ಕಾಡು ಗದ್ದೆಗಳಿಂದ ಬಂದುದು. ಗೋಡೆಗೆ ಕೆಮ್ಮಣ್ಣನ್ನು ಬಳಿದು, ಅರೆದ ಅಕ್ಕಿಯಿಂದ ಬಿಳಿಯನ್ನೂ, ಕರಿಕಾಗುವಂತೆ ಹುರಿದ ಅಕ್ಕಿಯಿಂದ ಕಪ್ಪನ್ನೂ, ಗುರಿಗೆಯ ಕಾಯಿಯಿಂದ ಹಳದಿಯನ್ನೂ ಪಡೆಯುವರು. ಪುಂಡಿಯ ನಾರೇ ಕುಂಚ. ಮದುವೆಯಲ್ಲಿ ವಧೂವರರು ಈ ಚಿತ್ತಾರದ ಮುಂದೆ ಹಸೆಗೆ ಕೂಡುವರು. ಮಲೆನಾಡಿನ ತೇವಕ್ಕೂ ಒಲೆಯ ಹೊಗೆಗೂ ಅದು ಮಾಸಲು, ಮುಂದಿನ ಶುಭಕಾರ್ಯಕ್ಕೆ ಹೊಸ ಮಣ್ಣು ಬಳಿದು ಮತ್ತೆ ಬರೆಯುವರು. ಹೀಗೆ ಚಿತ್ರವು ಅಳಿದರೂ ಚಿತ್ರಿಸುವ ಕೈ ಅಳಿಯುವುದಿಲ್ಲ.

ಅಶ್ವೀಜ ಹುಣ್ಣಿಮೆಯ ಭೂಮಣ್ಣಿ ಹಬ್ಬದಲ್ಲಿ ಈ ಭಾವವು ಇನ್ನೂ ಸ್ಪಷ್ಟವಾಗುವುದು. ತೆನೆಗಟ್ಟುವ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಹಲವು ಬಗೆಯ ಸೊಪ್ಪುಗಳನ್ನು ಬೇಯಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತೊಯ್ದು ಗದ್ದೆಗೆ ಚರಗ ಚೆಲ್ಲುವರು. ಮಣ್ಣಿನಿಂದ ಬಂದುದು ಕೊಳೆತು ಮಣ್ಣನ್ನೇ ಸೇರುವುದು. ಅದೇ ಭೂಮಿಗೆ ಸಲ್ಲುವ ಸೀಮಂತ.

ಇದೇ ನ್ಯಾಯವು ಈ ಸೀಮೆಯ ಕೃಷಿಯಲ್ಲಿಯೂ ಉಂಟು. ಹೆಗಡೆಕಟ್ಟಾ ಮೊದಲಾದ ಊರುಗಳಲ್ಲಿ ಕಣಿವೆಯ ಅಡಕೆತೋಟಕ್ಕೆ ಸೊಪ್ಪಿನ ಬೆಟ್ಟವೇ ಆಧಾರ. ಅಲ್ಲಿಯ ಹಸಿಸೊಪ್ಪು, ದರಕುಗಳು ಕೊಟ್ಟಿಗೆಯಲ್ಲಿ ಸೆಗಣಿಯೊಡನೆ ಕೊಳೆತು ಗೊಬ್ಬರವಾಗಿ ಅಡಕೆಯ ಬುಡ ಸೇರುವುವು. 1801ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ತೋಟಗಳನ್ನು ವರ್ಣಿಸಿರುವನು. 1878ರ ಅರಣ್ಯಶಾಸನವು ಕಾಡನ್ನು ಮುಖ್ಯವಾಗಿ ಸರಕಾರದ ಸ್ವತ್ತೆಂದು ಎಣಿಸಿತು. ಕಾಡಿನೊಡನೆ ಬಾಳುವವರಿಗೆ ಅದು ಬರಿಯ ಸ್ವತ್ತಾಗಿರಲಿಲ್ಲ. 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದ ಅಪ್ಪಿಕೋ ಚಳವಳಿಗೆ ಈ ಅರಿವೇ ಬೇರು.

ಆದುದರಿಂದ ಚಿತ್ತಾರವು ಮಾಸುವುದು ಅದರ ನಾಶವಲ್ಲ. ಸಿಮೆಂಟಿನ ಗೋಡೆಯೂ ಅಂಗಡಿಯ ಬಣ್ಣವೂ ಬಂದ ಮೇಲೆ, ಮತ್ತೆ ಬರೆಯುವ ಕಾರಣವೇ ತಪ್ಪಿಹೋಗುವುದು, ನಾಶವೆಂಬುದು ಅಲ್ಲಿದೆ. ಕಾಗದಕ್ಕೂ ಬಟ್ಟೆಗೂ ಇಳಿದ ಚಿತ್ತಾರವು ರೇಖೆಗಳನ್ನು ಕಾಪಾಡಬಲ್ಲದು, ಬರೆಯುವವರಿಗೆ ಜೀವನೋಪಾಯವೂ ಆಗಬಲ್ಲದು. ಆದರೆ ಋತುವನ್ನೂ ಮಣ್ಣನ್ನೂ ಅದು ಹಿಡಿದಿಡಲಾರದು. ಈ ಕಲೆಯನ್ನು ದಾಖಲಿಸುವವರು ಆಕೃತಿಯೊಡನೆ ಬಣ್ಣ ದೊರೆತ ಗಿಡವನ್ನೂ, ಬರೆದ ಸಂದರ್ಭವನ್ನೂ, ಅಳಿಸಿ ಮತ್ತೆ ಬರೆದ ಕ್ರಮವನ್ನೂ ದಾಖಲಿಸುವುದು ಯುಕ್ತ. ಕಾಡು ಉಳಿದಲ್ಲಿ ಮಾತ್ರ ಆ ದಾಖಲೆಯು ಬರಿಯ ನೆನಪಾಗದೆ ಬಳಕೆಗೆ ಒದಗುವುದು.