ನೀಲಿಯ ಗುಟ್ಟು

ಊರಿನ ಗಾಡಿ ಹತ್ತಲು ನಿಜಾಮುದ್ದೀನ್ ನಿಲ್ದಾಣಕ್ಕೆ ಹೋಗುವ ದಿಲ್ಲಿ ಕನ್ನಡಿಗರಾದ ನಾವು ಪಕ್ಕದಲ್ಲೇ ಇರುವ ನೀಲಾ ಗುಂಬದವನ್ನು ಎಷ್ಟು ಸಲ ನೋಡಿಲ್ಲ! ಸಾಮಾನು, ಮಕ್ಕಳು, ಕೂಲಿಯವನೊಡನೆ ಚೌಕಾಸಿ, ಇವುಗಳ ನಡುವೆ ಆ ನೀಲಿ ಎಲ್ಲಿಂದ ಬಂತೆಂದು ಕೇಳುವ ವ್ಯವಧಾನ ಮಾತ್ರ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ನಾವು ನಾಲ್ಕು ಸಂಸಾರಗಳು ಕೂಡಿ ಜೈಪುರಕ್ಕೆ ಹೋಗಿ, ಅಲ್ಲಿನ ನೀಲಿ ಪಾತ್ರೆ ತಯಾರಿಕೆಯ ಎರಡು ದಿನದ ಕಮ್ಮಟದಲ್ಲಿ ಕುಳಿತ ಮೇಲೆ ಈ ಪ್ರಶ್ನೆ ನಮ್ಮ ಬೆನ್ನು ಹತ್ತಿತು.

ಮೊದಲ ಅಚ್ಚರಿಯೆಂದರೆ, ಈ ಪಾತ್ರೆಗೆ ನಮ್ಮ ಕುಂಬಾರರ ಜೇಡಿಮಣ್ಣು ಬೇಕಿಲ್ಲ. ಬೆಣಚುಕಲ್ಲಿನ ಪುಡಿಯೇ ಹೆಚ್ಚು. ಅದರೊಡನೆ ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ, ಬಿಳಿಗಾರ, ಅಂಟು. ಇದನ್ನು ಚಪಾತಿ ಹಿಟ್ಟಿನಂತೆ ನಾದಬೇಕು. ಆದರೆ ಜೇಡಿಯಂತೆ ಇದು ಬಾಗುವುದಿಲ್ಲ. ತಿಗರಿಯ ಮೇಲೆ ಎಳೆದು ಏರಿಸಲು ಹೋದರೆ ಕುಸಿಯುತ್ತದೆ. ಆದ್ದರಿಂದ ಲಟ್ಟಿಸಿ, ಅಚ್ಚಿನಲ್ಲಿಟ್ಟು ಒತ್ತಿ, ಒಳಗೆ ಬೂದಿ ತುಂಬಿ ಆಕಾರ ನಿಲ್ಲಿಸಬೇಕು. ಲಟ್ಟಿಸುವ ಕೆಲಸದಲ್ಲಿ ನಮ್ಮ ಹೆಂಗಸರೇ ಗುರುಗಳಾದರು. ಗಂಡಸರು ಲಟ್ಟಿಸಿದ್ದು ಎಲ್ಲ ದೇಶಗಳ ಭೂಪಟ!

ಈ ವಿದ್ಯೆ ಇರಾನ್ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಬಂದದ್ದು. ದಿಲ್ಲಿಯ ಗೋರಿ, ಮಸೀದಿಗಳ ಬಿಲ್ಲೆಗಳಲ್ಲಿ ಅದು ನೆಲೆಸಿತು. ಜೈಪುರಕ್ಕೆ ಹೋದದ್ದು 19ನೆಯ ಶತಮಾನದಲ್ಲಿ, ಮಹಾರಾಜ ಸವಾಯಿ ರಾಮಸಿಂಗ್ ಅವರ ಕಾಲದಲ್ಲಿ. ಇದಕ್ಕೊಂದು ಸ್ವಾರಸ್ಯವಾದ ಕಥೆ ಹೇಳುತ್ತಾರೆ. ಗಾಳಿಪಟದ ಪಂದ್ಯದಲ್ಲಿ ಅಚ್ನೇರಾದ ಇಬ್ಬರು ಸಹೋದರರು ರಾಜನ ಪಟವನ್ನೇ ಕತ್ತರಿಸಿದರಂತೆ. ಪಾತ್ರೆಗೆ ಬಳಸುವ ಗಾಜಿನ ಪುಡಿಯನ್ನೇ ಅವರು ದಾರಕ್ಕೆ ಸವರಿದ್ದರಂತೆ. ರಾಜರು ಸಿಟ್ಟಾಗದೆ ಅವರನ್ನು ಜೈಪುರದಲ್ಲೇ ಇರಿಸಿಕೊಂಡರಂತೆ. ಕಥೆಯೇನೇ ಇರಲಿ, ಚೂಡಾಮಣಿ ಮತ್ತು ಕಾಲೂರಾಮ್ ಎಂಬವರು ದಿಲ್ಲಿಯ ಭೋಲಾ ಎಂಬ ಕುಶಲಿಯ ಬಳಿ ಕಲಿತು ಬಂದರು. 1866ರಲ್ಲಿ ಜೈಪುರದ ಕಲಾಶಾಲೆ ಆರಂಭವಾಗಿ ಈ ವಿದ್ಯೆ ಅಲ್ಲಿ ಬೇರೂರಿತು.

ಆದರೂ ಪಾಕದ ಅಳತೆ ಮನೆತನದ ಗುಟ್ಟಾಗಿಯೇ ಉಳಿಯಿತು. ಮಗನಿಗೆ ಆಸಕ್ತಿಯಿಲ್ಲದಿದ್ದರೆ ಅಪ್ಪನೊಡನೆ ಅದೂ ಹೋಯಿತು. 1950ರ ದಶಕದ ಹೊತ್ತಿಗೆ ಜೈಪುರದಲ್ಲಿ ಈ ಕಸುಬು ಹೆಚ್ಚುಕಡಿಮೆ ಅಳಿದೇ ಹೋಗಿತ್ತು.

ಅದನ್ನು ಎತ್ತಿ ನಿಲ್ಲಿಸಿದವರಲ್ಲಿ ನಮ್ಮವರೊಬ್ಬರಿದ್ದಾರೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು, 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿದ್ದವರು. ಅವರ ಮತ್ತು ಜೈಪುರದ ಗಾಯತ್ರಿದೇವಿಯವರ ಬೆಂಬಲದಿಂದ ಕೃಪಾಲ್ ಸಿಂಗ್ ಶೇಖಾವತ್ ಎಂಬ ಚಿತ್ರಕಾರರು 1960ರ ದಶಕದಲ್ಲಿ ಈ ಕಲೆಗೆ ಮರುಜೀವ ಕೊಟ್ಟರು. ಅವರು ಕುಂಬಾರರ ಮನೆಯಲ್ಲಿ ಹುಟ್ಟಿದವರಲ್ಲ. ಶಾಂತಿನಿಕೇತನದಲ್ಲೂ ಜಪಾನಿನಲ್ಲೂ ಕಲಿತವರು. ಮನೆತನದ ಹೊರಗಿನವರಿಗೂ ಕಲಿಸಿದ್ದು ಅವರ ದೊಡ್ಡ ಕೆಲಸವೆಂದು ನಮ್ಮ ಅಭಿಪ್ರಾಯ. 1974ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2008ರಲ್ಲಿ ತೀರಿಕೊಂಡರು.

ನಮಗೆ ಕಲಿಸಿದ ಯುವಕ ಅಳತೆಗಳನ್ನು ಹಲಗೆಯ ಮೇಲೆ ಬರೆದೇ ಬಿಟ್ಟ. ಒಂದು ಕಾಲಕ್ಕೆ ಸೊಸೆಗೂ ಹೇಳದಿದ್ದ ಸಂಗತಿಯನ್ನು ನಮ್ಮ ಮಕ್ಕಳು ನೋಟುಪುಸ್ತಕದಲ್ಲಿ ಇಳಿಸಿಕೊಂಡರು.

ಎರಡನೆಯ ದಿನ ಚಿತ್ತಾರ. ಒಣಗಿದ ತಟ್ಟೆಯನ್ನು ಉಜ್ಜಿ ನಯಮಾಡಿ, ಬಿಳಿ ಲೇಪ ಕೊಟ್ಟಿದ್ದರು. ಅದರ ಮೇಲೆ ಅಳಿಲುಕೂದಲಿನ ಕುಂಚದಿಂದ ಹೂ ಬಿಡಿಸಬೇಕು. ಕೋಬಾಲ್ಟ್ ಆಕ್ಸೈಡ್ ಸುಟ್ಟ ಮೇಲೆ ಕಡುನೀಲಿ. ತಾಮ್ರದ ಆಕ್ಸೈಡ್ ಹಸಿರು ಬೆರೆತ ನೀಲಿ. ಆದರೆ ಕುಂಚದಲ್ಲಿರುವಾಗ ಎರಡೂ ಮಸಿಯಂತೆ ಕಪ್ಪು! ಕಾಲೇಜಿನಲ್ಲಿ ಆಕ್ಸೈಡುಗಳನ್ನು ಬಾಯಿಪಾಠ ಮಾಡಿದ್ದ ನಮ್ಮಂಥವರಿಗೂ ಆ ಕಪ್ಪನ್ನು ನಂಬಿ ಗೆರೆ ಎಳೆಯುವಾಗ ಕೈ ನಡುಗಿತು. ಮಕ್ಕಳು ಮಾತ್ರ ಸಲೀಸಾಗಿ ನವಿಲು ಬಿಡಿಸಿದರು.

ಇದಕ್ಕೆ ಸುಡುವುದು ಒಂದೇ ಸಲ, 800 ಡಿಗ್ರಿಯ ಆಸುಪಾಸಿನಲ್ಲಿ. ಗೂಡು ತಾನಾಗಿ ತಣಿಯಲು ದಿನಗಳೇ ಬೇಕು. ಅವಸರದಿಂದ ತೆರೆದರೆ ಸೀಳು. ಅಷ್ಟು ರಜೆ ಯಾರಿಗಿದೆ? ತಟ್ಟೆಗಳು ಎರಡು ವಾರದ ಮೇಲೆ ಅಂಚೆಯಲ್ಲಿ ಬಂದವು. ಹತ್ತರಲ್ಲಿ ಮೂರು ಒಡೆದಿದ್ದವು. ಉಳಿದ ಏಳರಲ್ಲಿ ಒಂದು ನವಿಲು ಈಗ ನಮ್ಮ ಸಂಘದ ಕಚೇರಿಯ ಗೋಡೆಯ ಮೇಲಿದೆ. ಅದರ ಕೊರಳು ನೀಲಾ ಗುಂಬದದ ಬಣ್ಣಕ್ಕೆ ಬಹಳ ಹತ್ತಿರ.